ಇಬ್ಬರಿಗೂ ಒಂದೇ ಅಚ್ಚು

ಜನವರಿ 12

ಮೊಳೆ,

ಕಾಗದ ಬರೆಯಲು ಕೂರುವ ಮುಂಚೆ ಕೈ ತೊಳೆಯುತ್ತೇನೆ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಪ್ಲಾಸ್ಟರ್ ಉಳಿದೇ ಇರುತ್ತದೆ. ಈ ಹಾಳೆಯ ಮೇಲೆ ಬಿಳಿ ಬೆರಳಚ್ಚು ಕಂಡರೆ ಅದು ನನ್ನದೇ. ನಿನ್ನ ಕಾಗದ ಬಿಡಿಸಿ ನೋಡುವವರಿಗೂ ಹೇಳಿಬಿಡು, ತನಿಖೆ ಬೇಡ ಅಂತ.

ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯಲು ಹೊರಟಿದ್ದೆ. ಇದ್ದೇವೆ, ಅಷ್ಟು ಸಾಕು. ನನ್ನ ಮಗರಾಯ, ನಿನ್ನ ಅಣ್ಣ, ಎರಡು ಊರುಗೋಲು ಬಿಟ್ಟು ಒಂದು ಕೋಲಿಗೆ ಬಂದಿದ್ದಾನೆ. ಅತ್ತಿಗೆ ಬೊಂಬೆ ಅಂಗಡಿ ನೋಡಿಕೊಳ್ಳುತ್ತಾಳೆ, ಅಡುಗೆ ನೋಡಿಕೊಳ್ಳುತ್ತಾಳೆ, ನಾನು ಔಷಧಿ ನುಂಗಿದೆನೋ ಇಲ್ಲವೋ ಅದನ್ನೂ ನೋಡಿಕೊಳ್ಳುತ್ತಾಳೆ. ವ್ಯಾನು ಮಗುಚಿದ ದಿನದ ಸುದ್ದಿ ನಾನು ಎತ್ತುವುದಿಲ್ಲ. ನೀನು ಕುಡಿದು ಓಡಿಸಿದೆ, ಅಣ್ಣನ ಸೊಂಟ ಮುರಿಯಿತು, ಕೋರ್ಟಿನಲ್ಲಿ ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ, ನೀನು ಜೈಲಿಗೆ ಹೋದೆ. ನಿನಗೂ ಗೊತ್ತು, ನನಗೂ ಗೊತ್ತು. ಗೊತ್ತಿರುವುದನ್ನೇ ಎಷ್ಟು ಸಲ ಅರೆಯುವುದು.

ನಗುವಂಥದ್ದು ಒಂದಿದೆ. ನದಿಯಾಚೆಯ ಚರ್ಚಿಗೆ ಆಳೆತ್ತರದ ಮೀಕಾಯೇಲ ದೇವದೂತನ ಬೊಂಬೆ ಬೇಕೆಂದು ಕೇಳಿದ್ದರು. ಕೈಯಲ್ಲಿ ಕತ್ತಿ, ಕಾಲಡಿಯಲ್ಲಿ ಸೈತಾನ. ನಮ್ಮ ಹಳೇ ಅಚ್ಚಿನಲ್ಲೇ ಎರಕ ಹೊಯ್ದೆ. ಹೊಸ ಪಾದ್ರಿಗಳು ನೋಡಲು ಬಂದರು. ಎಳೆ ವಯಸ್ಸು, ಕನ್ನಡಕ ಒರೆಸಿ ಒರೆಸಿ ನೋಡುತ್ತಾರೆ. ಮೇಲಿನ ಮುಖ ನೋಡಿದರು, ಬಗ್ಗಿ ಕೆಳಗಿನ ಮುಖ ನೋಡಿದರು, ಮತ್ತೆ ಮೇಲೆ ನೋಡಿದರು.

"ಅಮ್ಮ, ಇಬ್ಬರಿಗೂ ಒಂದೇ ಮೂತಿ ಇದೆಯಲ್ಲ?"

ಇಷ್ಟು ವರ್ಷ ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ನಿನ್ನ ದೊಡ್ಡಪ್ಪನಿಗೆ ಅವರ ಅಪ್ಪನಿಂದ ಬಂದದ್ದು ಗಂಡುಮುಖದ ಒಂದೇ ಅಚ್ಚು ಎಂದು ನಿನಗೆ ಗೊತ್ತಲ್ಲ. ಗಬ್ರಿಯೇಲನಿಗೂ ಅದೇ, ಮೀನು ಹಿಡಿದ ರಾಫಾಯೇಲನಿಗೂ ಅದೇ, ಕಾಲಡಿಯವನಿಗೂ ಅದೇ. ಮೇಲಿನವನಿಗೆ ಗುಲಾಬಿ ಬಣ್ಣ, ಕೆಳಗಿನವನಿಗೆ ಇದ್ದಿಲು ಬಣ್ಣ. ಮೇಲಿನವನ ಹುಬ್ಬು ಕಮಾನು, ಕೆಳಗಿನವನದ್ದು ಗಂಟು. ಅಷ್ಟರಲ್ಲೇ ಜನ ಒಬ್ಬನಿಗೆ ಕೈ ಮುಗಿದು ಇನ್ನೊಬ್ಬನನ್ನು ಕಂಡು ಹೆದರುತ್ತಿದ್ದರು.

ನಾನು ಹೇಳಿದೆ, "ಬೀಳೋಕೆ ಮುಂಚೆ ಇವನೂ ದೇವದೂತನೇ, ಇಬ್ಬರೂ ಒಂದೇ ಮನೆಯವರಲ್ವಾ ಸ್ವಾಮಿ. ಹೋಲಿಕೆ ಇದ್ದೇ ಇರುತ್ತೆ."

ಪಾದ್ರಿಗಳಿಗೆ ನಗು ಬಂತು. ಆದರೂ ಪಟ್ಟು ಬಿಡಲಿಲ್ಲ. ಸೈತಾನನಿಗೆ ಬೇರೆ ಮುಖ ಆಗಲೇಬೇಕಂತೆ. ಜೇಡಿಮಣ್ಣಿನಲ್ಲಿ ಹೊಸ ಮುಖ ತಿದ್ದುವುದು ಈ ಮನೆಯಲ್ಲಿ ನಿನ್ನ ಕೈಗೆ ಮಾತ್ರ ಬರುತ್ತಿತ್ತು. ನನ್ನ ಬೆರಳು ಸಂಜೆಯಾದರೆ ಮಡಚುವುದೇ ಇಲ್ಲ. ದಣಿದಿದ್ದೇನೆ ಮೊಳೆ. ಕೆಲಸದಿಂದ ಬಂದ ದಣಿವಾದರೆ ಮಲಗಿದರೆ ಹೋಗುತ್ತಿತ್ತು.

ಊಟ ಸೇರುತ್ತಿದೆಯೋ ಇಲ್ಲವೋ ಬರೆ.

ದೊಡ್ಡಮ್ಮ


ಫೆಬ್ರವರಿ 2

ದೊಡ್ಡಮ್ಮಾ,

ನಿನ್ನ ಬೆರಳಚ್ಚು ಬಂದು ತಲುಪಿತು. ಪಾದ್ರಿಗಳ ಕಥೆಯನ್ನು ನನ್ನ ಪಕ್ಕದ ಹಾಸಿಗೆಯವನಿಗೆ ಓದಿ ಹೇಳಿದೆ. ಅವನು ಬೀಗ ಒಡೆಯುವ ಕೆಲಸದವನು, ಸುಲಭಕ್ಕೆ ನಗುವುದಿಲ್ಲ. ನಕ್ಕ.

ನನ್ನನ್ನು ಈಗ ಇಲ್ಲಿನ ಬೇಕರಿಗೆ ಹಾಕಿದ್ದಾರೆ. ಹಿಟ್ಟು ನಾದುವುದು. ಪ್ಲಾಸ್ಟರಿನ ಹಾಗೇ ಬೆಳ್ಳಗಿದೆ, ಆದರೆ ಕೈಯಲ್ಲಿ ಹಿಡಿದು ಕಾದರೂ ಗಟ್ಟಿಯಾಗುವುದಿಲ್ಲ. ಮೊದಮೊದಲು ಅದೇ ಬೇಜಾರು. ಊಟ ಸೇರುತ್ತಿದೆ.

ಬೇಸಿಗೆ ಕಳೆದ ಮೇಲೆ ಬಿಡುತ್ತಾರಂತೆ. ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೀಯ, ಯಾರ ಮನೆಗೆ, ಎಂದು ಆಫೀಸಿನಲ್ಲಿ ಕೇಳಿದರು. ಯೋಚಿಸಿ ಹೇಳುತ್ತೇನೆ ಅಂದೆ.

ಇನ್ನೊಂದು ವಿಷಯ. ಭಾನುವಾರ ಇಲ್ಲಿ ಒಬ್ಬರು ಬಂದು ಶಾಸ್ತ್ರ ಓದುತ್ತಾರೆ. ಮೀಕಾಯೇಲನಿಗೂ ಘಟಸರ್ಪಕ್ಕೂ, ಅಂದರೆ ಸೈತಾನನಿಗೂ, ಯುದ್ಧವಾಗಿ, ಘಟಸರ್ಪವನ್ನೂ ಅದರ ದೂತರನ್ನೂ ಕೆಳಕ್ಕೆ ದಬ್ಬಿದ ಭಾಗ ಓದಿದರು. ಪರಲೋಕದಲ್ಲಿ ಅವರಿಗೆ ಆಮೇಲೆ ಸ್ಥಳವೇ ಸಿಕ್ಕಲಿಲ್ಲ ಎಂದರು. ನನಗೆ ಅಲ್ಲಿಗೇ ಮನಸ್ಸು ನಿಂತುಬಿಟ್ಟಿತು. ಗಡಿಯಾರ ರಿಪೇರಿಯ ಯೆಹೂದಿ ಅಜ್ಜನ ಹತ್ತಿರ ಕೂತು ನೀನು ಎಷ್ಟೋ ಹಳೆಯ ಸಂಗತಿ ಕೇಳಿದವಳು. ಬಿದ್ದವರಲ್ಲಿ ಯಾರಾದರೂ ತಿರುಗಿ ಹೋದದ್ದು ಉಂಟೇ? ಹೋಗಲಿ, ಯಾರಾದರೂ ಕೇಳಿಯಾದರೂ ನೋಡಿದರೇ? ನಿನಗೆ ಬಿಡುವಾದಾಗ ಬರೆ. ಅವಸರವಿಲ್ಲ.

ಅಣ್ಣನಿಗೆ ಏನು ಹೇಳಲಿ ಎಂದು ತಿಳಿಯುವುದಿಲ್ಲ. ಆದ್ದರಿಂದ ಏನೂ ಹೇಳಬೇಡ.

ನಿನ್ನ ಮೊಳೆ


ಫೆಬ್ರವರಿ 20

ಮೊಳೆ,

ನೀನು ಶಾಸ್ತ್ರದ ಪ್ರಶ್ನೆ ಕೇಳಿದ್ದು ಕಂಡು ನನ್ನ ಅರ್ಧ ಆಯಾಸ ಇಳಿಯಿತು. ಚಿಕ್ಕವನಿದ್ದಾಗ ಅಚ್ಚಿನ ಒಳಗೆ ಸಾಬೂನು ನೀರು ಬಳಿಯುತ್ತ ಇಂಥದ್ದೇ ಕೇಳುತ್ತಿದ್ದೆ, ದೇವದೂತರಿಗೆ ಹೊಕ್ಕುಳ ಇರುತ್ತದೆಯೇ ಅಂತ. ಆಗ ನಾನು ಬೈದಿದ್ದೆ. ಈ ಸಲ ಸಮಾಧಾನವಾಗಿ ಉತ್ತರ ಬರೆಯುತ್ತೇನೆ. ನಾನು ಓದಿದವಳಲ್ಲ, ಗಡಿಯಾರದ ಅಜ್ಜ ಚಕ್ರಗಳಿಗೆ ಎಣ್ಣೆ ಬಿಡುತ್ತ ಹೇಳಿದ್ದು, ಮುಸ್ಸಂಜೆಯಲ್ಲಿ ನಾನೇ ಅಕ್ಷರ ಕೂಡಿಸಿಕೊಂಡು ಓದಿದ್ದು, ಎರಡೂ ಬೆರೆತುಹೋಗಿವೆ.

ಮೊದಮೊದಲು ದೇವದೂತರಿಗೆ ಹೆಸರೇ ಇರಲಿಲ್ಲವಂತೆ. ಬರುತ್ತಿದ್ದರು, ಮಾತು ಮುಟ್ಟಿಸುತ್ತಿದ್ದರು, ಹೋಗುತ್ತಿದ್ದರು. ಹೆಸರು ಕೇಳಿದವನಿಗೆ ಒಬ್ಬ ದೂತ "ಅದೆಲ್ಲ ನಿನಗೇಕೆ" ಎಂದುಬಿಟ್ಟ. ಅಜ್ಜನ ಯೆಹೂದಿ ಜನ ಹಿಂದಿನ ಕಾಲದಲ್ಲಿ ಸೆರೆಯಾಗಿ ಬಾಬೆಲಿಗೆ ಹೋಗಿ, ಅಲ್ಲಿಂದ ಹಿಂದಿರುಗುವಾಗ ಹೆಸರುಗಳನ್ನೂ ಜೊತೆಗೆ ತಂದರು ಎಂದು ಅವರ ಹಿರಿಯರು ಹೇಳುತ್ತಿದ್ದರಂತೆ. ಅದಾದ ಮೇಲೆಯೇ ಗಬ್ರಿಯೇಲ, ಮೀಕಾಯೇಲ. ರಾಫಾಯೇಲ ಕೆಲವರ ಶಾಸ್ತ್ರದಲ್ಲಿದ್ದಾನೆ, ಕೆಲವರದ್ದರಲ್ಲಿ ಇಲ್ಲ. ನಮ್ಮ ಅಂಗಡಿಯಲ್ಲಿ ಅವನು ಕಡಿಮೆ ಖರ್ಚಾಗುವುದು ಅದಕ್ಕೇ. ಊರಿಯೇಲನನ್ನಂತೂ ಕೇಳುವವರೇ ಇಲ್ಲ.

ಬಿದ್ದವರ ಹೆಸರಿನದು ಇನ್ನೂ ಗೋಜಲು. ಸೈತಾನ ಅನ್ನುವುದು ಹೆಸರೇ ಅಲ್ಲವಂತೆ, ಉದ್ಯೋಗ. ದೇವರ ಸಭೆಯಲ್ಲಿ ನಿಂತು ತಪ್ಪು ಎತ್ತಿ ತೋರಿಸುವವನು, ನಮ್ಮ ಸರ್ಕಾರಿ ವಕೀಲರ ಹಾಗೆ. ಬೆಳಗಿನ ನಕ್ಷತ್ರ ಎಂದು ಕರೆದದ್ದು ಸೊಕ್ಕಿದ ಒಬ್ಬ ರಾಜನನ್ನು ಹಂಗಿಸುವುದಕ್ಕೆ; ಆಮೇಲೆ ಅದು ಹೋಗಿ ಇವನಿಗೆ ಅಂಟಿಕೊಂಡಿತು. ಪಾತಾಳದ ಕೂಪಕ್ಕೆ ಅಬದ್ದೋನ ಎಂಬ ದೂತ ಅರಸನಾಗಿದ್ದಾನೆ. ಅವನು ಬಿದ್ದವನೋ, ಅಥವಾ ಅಲ್ಲಿ ಕಾವಲಿಗೆ ಹಾಕಿದವನೋ ಅಜ್ಜನಿಗೂ ತಿಳಿಯದು. ಅಜಾಜೇಲ ಎಂಬವನು ಮನುಷ್ಯರಿಗೆ ಕತ್ತಿ ಬಡಿಯುವುದನ್ನೂ ಕಣ್ಣಿಗೆ ಕಾಡಿಗೆ ಹಚ್ಚುವುದನ್ನೂ ಕಲಿಸಿಕೊಟ್ಟನಂತೆ. ಬೊಂಬೆಗಳ ಕಣ್ಣು ಬರೆದು ಹೊಟ್ಟೆ ಹೊರೆದವಳು ನಾನು, ಆ ಲೆಕ್ಕದಲ್ಲಿ ಅವನು ನನ್ನ ಗುರು. ಅವನ ಕೈಕಾಲು ಕಟ್ಟಿ, ಮರುಭೂಮಿಯಲ್ಲಿ ಗುಂಡಿ ತೆಗೆದು, ಮುಖ ಮುಚ್ಚಿ, ಮೇಲೆ ಚೂಪು ಕಲ್ಲು ಹೇರಿದವನು ನಮ್ಮ ರಾಫಾಯೇಲ. ಮೀನು ಹಿಡಿದು ಮುಗುಳ್ನಗುತ್ತ ನಿಂತಿರುವವನು ಹೀಗೆ ಮಾಡಿಯಾನು ಎಂದು ಯಾರಿಗೆ ತಾನೇ ಅನ್ನಿಸೀತು.

ಈಗ ನಿನ್ನ ಪ್ರಶ್ನೆ. ಕೇಳಿ ನೋಡಿದರು, ಹೌದು. ಆದರೆ ತಾವೇ ಕೇಳಲು ಅವರಿಗೆ ಬಾಯಿ ಇರಲಿಲ್ಲ. ನಾಚಿಕೆಯಿಂದ ಆಕಾಶದ ಕಡೆ ಕಣ್ಣೆತ್ತಲೂ ಆಗುತ್ತಿರಲಿಲ್ಲ. ಹಾಗಾಗಿ ಹನೋಕನೆಂಬ ಮನುಷ್ಯನ ಹತ್ತಿರ ಹೋಗಿ, ನಮ್ಮ ಪರವಾಗಿ ನೀನು ಒಂದು ಬಿನ್ನಹ ಬರೆದುಕೊಡಪ್ಪ ಎಂದು ಅತ್ತುಕೊಂಡರು. ಪಾಪ, ಅವನು ಬರೆದ. ಒಂದು ನೀರಿನ ದಂಡೆಯಲ್ಲಿ ಕೂತು, ಓದಿ ಓದಿ ಅಲ್ಲೇ ನಿದ್ದೆ ಹೋದ. ನಿದ್ದೆಯಲ್ಲಿ ಉತ್ತರ ಬಂತು. ಆಗುವುದಿಲ್ಲ ಎಂದು. ಮನುಷ್ಯರಿಗಾಗಿ ನೀವು ಬೇಡಬೇಕಿತ್ತು, ನಿಮಗಾಗಿ ಮನುಷ್ಯ ಬೇಡುವುದೇ, ಹೋಗಿ ಎಂದು. ಹನೋಕ ಎದ್ದು ಬಂದು ಅವರಿಗೆ ಹಾಗೇ ಹೇಳಿದ. ಅವರು ಮುಖ ಮುಚ್ಚಿಕೊಂಡು ಕೂತಿದ್ದರು.

ಒಬ್ಬನೂ ಹಿಂದಿರುಗಲಿಲ್ಲ ಮೊಳೆ. ನಾನು ಕೇಳಿದ ಮಟ್ಟಿಗೆ ಒಬ್ಬನೂ ಇಲ್ಲ. ಮನುಷ್ಯನಿಗೆ ಇರುವ ಅವಕಾಶ ದೂತನಿಗೆ ಇಲ್ಲ ಎಂದು ದೊಡ್ಡವರು ಹೇಳುತ್ತಾರೆ, ಯಾಕೆಂದರೆ ದೂತ ತಿಳಿದೂ ತಿಳಿದೂ ಬಿದ್ದವನು.

ಪಾದ್ರಿಗಳು ಕೇಳಿದ ಮುಖ ಹಾಗೇ ಬಾಕಿ ಇದೆ. ನಾನು ತಿದ್ದಿದ ದವಡೆ ಎರಡು ಸಲ ಕುಸಿಯಿತು. ನೀನು ಹೇಗೆ ನಿಲ್ಲಿಸುತ್ತಿದ್ದೆ?

ದೊಡ್ಡಮ್ಮ


ಮಾರ್ಚ್ 18

ದೊಡ್ಡಮ್ಮನವರಿಗೆ,

ನಿಮ್ಮ ಕಾಗದ ತಲುಪಿತು. ವಿವರವಾಗಿ ಬರೆದಿದ್ದೀರಿ. ಅರ್ಥವಾಯಿತು.

ದವಡೆಗೆ ಒಳಗಿನಿಂದ ಕಡ್ಡಿ ಕೊಟ್ಟು, ಕಡ್ಡಿಗೆ ನಾರು ಸುತ್ತಿ, ಮೇಲೆ ಮಣ್ಣು ಮೆತ್ತಬೇಕು. ಒಂದು ದಿನ ಒದ್ದೆ ಬಟ್ಟೆಯಲ್ಲಿ ಮುಚ್ಚಿಡಬೇಕು.

ಬಂದರಿನ ಊರಿನಲ್ಲಿ ಒಂದು ಆಶ್ರಯಮನೆ ಇದೆ. ಬಿಡುಗಡೆಯಾದವರಿಗೆ ಮಲಗಲು ಜಾಗ ಕೊಡುತ್ತಾರೆ, ಹಗಲು ಮೂಟೆ ಹೊರುವ ಕೆಲಸ. ಆಫೀಸಿನಲ್ಲಿ ಆ ವಿಳಾಸವನ್ನೇ ಕೊಟ್ಟಿದ್ದೇನೆ. ನೀವು ಚಿಂತೆ ಮಾಡಬೇಡಿ. ಆರೋಗ್ಯ ನೋಡಿಕೊಳ್ಳಿ.

ಇಂತು


ಏಪ್ರಿಲ್ 9

ಮೊಳೆ,

ಕಾಗದ ಚುಟುಕಾಗಿದ್ದರೂ ಸುದ್ದಿ ಒಳ್ಳೆಯದು. ನಿನಗೆ ಒಂದು ಜಾಗ ಆಯಿತಲ್ಲ. ಸುಳ್ಳು ಯಾಕೆ ಹೇಳಲಿ, ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ನಿನ್ನ ಲಕೋಟೆ ಬಂದ ದಿನವೆಲ್ಲ ಅಣ್ಣ ಊಟದ ತಟ್ಟೆ ನೋಡಿಕೊಂಡು ಉಣ್ಣುತ್ತಾನೆ, ತಲೆ ಎತ್ತುವುದಿಲ್ಲ. ಅತ್ತಿಗೆ ನನ್ನ ಮುಖ ನೋಡುತ್ತಾಳೆ. ನಾನು ನೀರಿನ ಲೋಟ ನೋಡುತ್ತೇನೆ. ಬಂದರಿನಲ್ಲಿ ಗಾಳಿ ಚೆನ್ನಾಗಿರುತ್ತದೆ. ಮೂಟೆ ಹೊರುವಾಗ ಬೆನ್ನು ಬಗ್ಗಿಸಬೇಡ, ಮಂಡಿ ಬಗ್ಗಿಸು. ಆಳೆತ್ತರದ ಬೊಂಬೆಗಳನ್ನು ಎತ್ತಿದವನು, ನಿನಗೆ ನಾನು ಹೇಳಿಕೊಡಬೇಕೇ.

ನನ್ನನ್ನು "ನೀವು" ಎಂದು ಕರೆದಿದ್ದೀಯ. ನಮ್ಮ ಹುಡುಗ ಮರ್ಯಾದೆ ಕಲಿತ ಎಂದು ಅತ್ತಿಗೆಗೆ ತೋರಿಸಿದೆ. ಅವಳು ಓದಿ, ಮಡಚಿ, ಕೈಗೆ ಕೊಟ್ಟಳು.

ಕಡ್ಡಿಯ ಉಪಾಯ ಫಲಿಸಿತು, ದವಡೆ ನಿಂತಿದೆ. ಇನ್ನು ಮೂಗು, ಕಣ್ಣು. ಯಾರ ಮುಖ ತರಲಿ ಎಂದು ಅಣ್ಣನನ್ನು ಕೇಳಿದೆ. ಅವನೊಂದು ಮಾತು ಹೇಳಿದ, ಬರೆಯುವಂಥದ್ದಲ್ಲ ಬಿಡು.

ಎರಡು ಜೊತೆ ಕಾಲುಚೀಲ ಕಳಿಸಿದ್ದೇನೆ. ಬೂದು ಬಣ್ಣದ್ದು ನಾನೇ ಹೆಣೆದದ್ದು, ಹಿಮ್ಮಡಿ ಸ್ವಲ್ಪ ಸೊಟ್ಟ.

ದೊಡ್ಡಮ್ಮ


ಮೇ 14

ಮೊಳೆ,

ಕಾಲುಚೀಲ ಬಂತೋ ಇಲ್ಲವೋ ಒಂದು ಸಾಲು ಬರೆಯುವುದಕ್ಕೂ ಬಿಡುವಿಲ್ಲವೇ? ಬೇಕರಿಯಲ್ಲಿ ಹಿಟ್ಟು ಅಷ್ಟೊಂದು ಇದೆಯೇ? ಅಂಚೆಯವರು ಬರುವ ಹೊತ್ತಿಗೆ ನಾನು ಬಾಗಿಲಲ್ಲೇ ಇರುತ್ತೇನೆ. ಅವರು ದೂರದಿಂದಲೇ ಕೈ ಆಡಿಸಿಬಿಡುತ್ತಾರೆ, ಇಲ್ಲ ಅಂತ. ನಿನ್ನೆ ಹತ್ತಿರ ಬಂದು, "ಅಮ್ಮಾ, ಬಂದ್ರೆ ನಾನೇ ಕೂಗಿ ಕೊಡ್ತೀನಿ, ಬಿಸಿಲಲ್ಲಿ ನಿಲ್ಬೇಡಿ" ಅಂದರು.

ಮೈ ಹುಷಾರಿಲ್ಲವೇ? ನಾನು ಏನಾದರೂ ತಪ್ಪು ಬರೆದೆನೇ? ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ದೂತರ ವಿಷಯ ಬರೆದೆ, ದವಡೆಯ ವಿಷಯ ಬರೆದೆ, ಕಾಲುಚೀಲ ಕಳಿಸಿದೆ.

ದೊಡ್ಡಮ್ಮ


ಜೂನ್ 3

ಮೊಳೆ,

ಇದನ್ನು ಪೂರ್ತಿ ಓದು. ನಡುವೆ ಮಡಚಿ ಇಡಬೇಡ.

ಅಣ್ಣ ಹೇಳಿದ ಮಾತು ಬರೆಯುವಂಥದ್ದಲ್ಲ ಎಂದಿದ್ದೆನಲ್ಲ. ಈಗ ಬರೆಯುತ್ತೇನೆ. ಸೈತಾನನಿಗೆ ಯಾರ ಮುಖ ಇಡಲಿ ಎಂದು ಕೇಳಿದ್ದಕ್ಕೆ, "ಅವನ ಮುಖಾನೇ ಇಡಮ್ಮ. ನಂಗೆ ಕಣ್ಣು ಮುಚ್ಚಿದ್ರೂ ಕಾಣುತ್ತೆ, ಬೇಕಾದ್ರೆ ಪಕ್ಕದಲ್ಲಿ ಕೂತು ಹೇಳಿಕೊಡ್ತೀನಿ" ಅಂದಿದ್ದ. ನಾನು ಬೈದೆ. ಮೀಕಾಯೇಲನೇ ಸೈತಾನನ ಜೊತೆ ವಾದಕ್ಕೆ ಬಿದ್ದಾಗ ಒಂದು ಬೈಗುಳ ಆಡಲಿಲ್ಲವಂತೆ, ದೇವರೇ ನಿನ್ನನ್ನು ನೋಡಿಕೊಳ್ಳಲಿ ಎಂದು ಸುಮ್ಮನಾದನಂತೆ, ನೀನು ಅವನಿಗಿಂತ ದೊಡ್ಡವನೇನೋ ಎಂದೆ. "ಮೀಕಾಯೇಲನ ಸೊಂಟ ಮುರಿದಿರಲಿಲ್ಲ" ಅಂದ.

ಆದರೂ ನನ್ನ ಕೈ ಏನು ಮಾಡಿತು ಗೊತ್ತೇ? ದವಡೆಯ ಮೇಲೆ ಕೆನ್ನೆ ಬಂತು, ಕೆನ್ನೆಯ ಮೇಲೆ ಕಣ್ಣು ಬಂತು, ಬೇಡ ಬೇಡ ಎನ್ನುತ್ತಲೇ ನೀನು ಬಂದೆ. ಈಗಿನ ನೀನಲ್ಲ. ನಿನ್ನಮ್ಮ ತೀರಿಕೊಂಡ ವರ್ಷ ನಿನಗೆ ಜ್ವರ ಬಂದು, ಬಿಟ್ಟ ಮೇಲೆ ಮಲಗಿದ್ದೆಯಲ್ಲ, ಆ ಮುಖ. ಬಾಯಿ ಸ್ವಲ್ಪ ತೆರೆದು. ಅತ್ತಿಗೆ ಒಳಗೆ ಬಂದವಳೇ, "ಅಯ್ಯೋ ಅತ್ತೆ, ಇದು ನಮ್ಮ ಮೊಳೆ ಅಲ್ವಾ" ಅಂದಳು. ಅಣ್ಣನಿಗೂ ಕೇಳಿಸಿತು. ಕೋಲು ಊರಿಕೊಂಡು ಬಂದು ನೋಡಿದ. ಒಡೆದುಹಾಕುತ್ತಾನೆ ಎಂದುಕೊಂಡೆ. ಅದನ್ನು ಗೋಡೆಯ ಕಡೆ ತಿರುಗಿಸಿಟ್ಟು ಹೋದ. ಮಾರನೆಯ ದಿನ ಕೆಲಸಕ್ಕೆ ಹೋದಾಗ ಅದು ಮತ್ತೆ ಈ ಕಡೆಗೆ ತಿರುಗಿತ್ತು. ಅತ್ತಿಗೆ ನಾನಲ್ಲ ಎಂದಳು.

ಮೊನ್ನೆ ಮಧ್ಯಾಹ್ನ ಅಣ್ಣ ತಾನಾಗಿ ಕೇಳಿದ. "ಕಾಗದ ಯಾಕೆ ಬರ್ತಿಲ್ಲ ಅವನದ್ದು?"

"ಗೊತ್ತಿಲ್ಲ ಕಣೋ."

"ಕೊನೇದು ಎಲ್ಲಿದೆ, ಕೊಡು."

ಇದುವರೆಗೆ ನಿನ್ನ ಒಂದು ಲಕೋಟೆಯನ್ನೂ ಅವನು ಮುಟ್ಟಿದವನಲ್ಲ. ಎಲ್ಲವನ್ನೂ ತಂದು ಮಡಿಲಿಗೆ ಹಾಕಿದೆ. ಫೆಬ್ರವರಿಯದ್ದು ಓದಿದ, ಮಾರ್ಚಿನದ್ದು ಓದಿದ. ಮತ್ತೆ ಫೆಬ್ರವರಿಯದ್ದು.

"ಇದಕ್ಕೆ ನೀನು ಏನಂತ ಬರೆದೆ?"

ಹನೋಕನ ಕಥೆ ಬರೆದೆ, ಒಬ್ಬನೂ ಹಿಂದಿರುಗಲಿಲ್ಲ ಎಂದು ಬರೆದೆ ಎಂದೆ. ಅವನು ನನ್ನನ್ನೇ ನೋಡುತ್ತ ಕೂತ. ಆಮೇಲೆ ನಕ್ಕ, ಮೊಳೆ. ಸೊಂಟ ನೋಯುತ್ತದೆಂದು ಹಿಡಿದುಕೊಂಡು ನಕ್ಕ.

"ಅಮ್ಮಾ, ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ್ಳಂತೆ. ಅವನು ದೇವದೂತರ ವಿಷಯ ಎಲ್ಲಿ ಕೇಳಿದಾನೆ? ಎಲ್ಲಿಗೆ ಹೋಗ್ತೀಯ ಅಂತ ಆಫೀಸಲ್ಲಿ ಕೇಳಿದ್ರು ಅಂತ ಬರೆದಿದಾನೆ. ಅದರ ಕೆಳಗೇ ಬರೆದಿದಾನೆ, ಬಿದ್ದವರು ಯಾರಾದ್ರೂ ತಿರುಗಿ ಹೋಗಿದಾರಾ ಅಂತ. ಮನೆಗೆ ಬರ್ಲಾ ಅಂತ ಕೇಳ್ತಿದಾನಮ್ಮ ಅವನು. ನೀನು ಆಕಾಶದಿಂದ ಇಲ್ಲ ಅನ್ನಿಸಿಬಿಟ್ಟೆ."

ನನ್ನ ಕೈಯಲ್ಲಿ ಉಜ್ಜುಕಾಗದ ಇತ್ತು. ಅದನ್ನು ಎಲ್ಲಿಟ್ಟೆನೋ, ಸಂಜೆವರೆಗೂ ಹುಡುಕಿದೆ.

ಆ ಉತ್ತರ ನಿನಗಲ್ಲ. ಅದು ಅವರಿಗೆ, ರೆಕ್ಕೆಯವರಿಗೆ. ಅದನ್ನು ಹೇಳಿದವನು ದೇವರು, ನಾನು ಬೊಂಬೆ ಮಾಡುವವಳು. ಬಂದರಿನ ವಿಳಾಸ ತೆಗೆಸಿಹಾಕು. ಈ ಮನೆಯ ವಿಳಾಸ ಕೊಡು.

ಆ ಮಣ್ಣಿನ ಮುಖವನ್ನು ಮತ್ತೆ ಬಕೆಟ್ಟಿಗೆ ಹಾಕಿ ನೆನೆಸಿಬಿಟ್ಟೆ. ಪಾದ್ರಿಗಳಿಗೆ ಹಳೇ ಅಚ್ಚಿನ ಮುಖಕ್ಕೇ ನಾರಿನ ಗಡ್ಡ ಅಂಟಿಸಿ ಕಪ್ಪು ಬಳಿದು ಕೊಟ್ಟೆ. "ಈಗ ನೋಡಿ, ಎಷ್ಟು ದುಷ್ಟ ಕಾಣ್ತಾನೆ" ಎಂದು ಸಂತೋಷವಾಗಿ ಒಯ್ದರು.

ದೊಡ್ಡಮ್ಮ


ಜೂನ್ 15

ದೊಡ್ಡಮ್ಮಾ,

ಕಾಲುಚೀಲ ಆವತ್ತೇ ಬಂದಿತ್ತು. ಹಿಮ್ಮಡಿ ಸೊಟ್ಟ ಇರುವುದೇ ಹಾಕಿಕೊಂಡಿದ್ದೇನೆ. ಬರೆಯಲಿಲ್ಲ, ಯಾಕೆಂದರೆ ಬರೆದರೆ ಮತ್ತೆ ಕೇಳಿಬಿಡುತ್ತೇನೆ ಅನ್ನಿಸಿತು.

ನೀನು ಬಾ ಎಂದರೆ ನನಗೆ ಸಂತೋಷವೇ. ಆದರೆ ನೀನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುವವಳು, ನಿನ್ನ ಮಾತನ್ನು ನಂಬಿ ನಾನು ಬರುವುದು ಸರಿಯಲ್ಲ. ಅವನು ಕಾಗದ ಓದಿದ, ನಕ್ಕ ಎಂದು ಬರೆದಿದ್ದೀಯ. ಬರಲಿ ಎಂದನೆಂದು ನೀನು ಎಲ್ಲಿಯೂ ಬರೆದಿಲ್ಲ. ಹುಡುಕಿ ಹುಡುಕಿ ಓದಿದೆ, ಇಲ್ಲ.

ದಿನಾ ಬೆಳಿಗ್ಗೆ ಎದ್ದು ಕೋಲಿಗೆ ಕೈ ಹಾಕುವವನು ಅವನು. ಕೈ ಹಾಕಿದಾಗ ಎದುರಿಗೆ ನಾನು ನಿಂತಿರಬೇಕೇ? ಅವನ ಬಾಯಿಂದ ಏನು ಬಂತೋ ಅದನ್ನು ಬರೆ. ಬೆಣ್ಣೆ ಹಚ್ಚಬೇಡ. ಮುಂದಿನ ತಿಂಗಳ ಮೊದಲ ಸೋಮವಾರ ಬಿಡುತ್ತಾರೆ. ಅಷ್ಟರೊಳಗೆ ನಿನ್ನ ಕಾಗದ ಬರದಿದ್ದರೆ ಬಂದರಿಗೆ ಹೋಗುತ್ತೇನೆ, ಅದಕ್ಕೆ ನೀನು ಅಳಬಾರದು.

ಮೊಳೆ


ಜೂನ್ 22

ಮೊಳೆ,

ಬೆಣ್ಣೆ ಹಚ್ಚದೆ ಬರೆಯುತ್ತೇನೆ. ಹಚ್ಚಲು ಶಕ್ತಿಯೂ ಇಲ್ಲ.

ನಿನ್ನ ಕಾಗದವನ್ನು ನಾನು ಓದುವ ಮೊದಲೇ ಅಣ್ಣನ ಕೈಗೆ ಕೊಟ್ಟೆ. ಅವನು ಓದಿ ಟೇಬಲ್ಲಿನ ಮೇಲೆ ಇಟ್ಟ. ಅತ್ತಿಗೆ ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. ಆಡಿದ ಮಾತು ಹೀಗೆ, ಒಂದು ಅಕ್ಷರ ಆಚೀಚೆ ಮಾಡಿಲ್ಲ.

"ನಾನು ಕ್ಷಮಿಸಿದೀನಿ ಅಂತ ಬರೀಬೇಡ" ಅಂದ ಅಣ್ಣ. "ಕ್ಷಮಿಸಿಲ್ಲ. ಒಂದೊಂದು ದಿನ ಮರೆತಿರ್ತೀನಿ, ಮೆಟ್ಟಿಲು ಕಂಡ ತಕ್ಷಣ ನೆನಪಾಗುತ್ತೆ. ಕೋರ್ಟಲ್ಲಿ ನಿಜ ಹೇಳಿದೆ. ನಾಳೆ ಕರೆದು ಕೇಳಿದ್ರೂ ಅದನ್ನೇ ಹೇಳ್ತೀನಿ. ಅದಕ್ಕೂ ಅವನು ಎಲ್ಲಿ ಮಲಗ್ತಾನೆ ಅನ್ನೋದಕ್ಕೂ ಸಂಬಂಧ ಇಲ್ಲ."

"ಅಂದ್ರೆ ಬರಲಿ ಅಂತಾನಾ?" ಎಂದೆ.

"ನನ್ನ ಬಾಯಲ್ಲಿ ಬಾ ಅನ್ನಿಸ್ಬೇಡ ಅಮ್ಮ. ಬರಬೇಡ ಅಂತ ನಾನು ಹೇಳಲ್ಲ. ನಿಂಗೆ ಅಷ್ಟು ಸಾಕಾ?"

ನನಗೆ ಸಾಕು ಎಂದೆ. ಅವನಿಗೆ ಸಾಕೋ ಇಲ್ಲವೋ ಅವನನ್ನೇ ಕೇಳಬೇಕು ಎಂದೆ. ಅಣ್ಣ ಇನ್ನೊಂದು ಮಾತು ಸೇರಿಸಿದ. "ನನ್ನ ಕೈ ಹಿಡಿದು ನಡೆಸೋಕೆ ಬರಬಾರದು. ಕೋಲು ಎತ್ತಿಕೊಡೋಕೆ ಓಡಿ ಬರಬಾರದು. ನಾನು ಬಿದ್ರೂ ಇವಳೇ ಎತ್ತಲಿ. ಅದೊಂದು ಬರೆದುಬಿಡು."

ಅತ್ತಿಗೆಯೂ ಹೇಳಿದಳು. "ಕುಡಿದು ಬಂದ್ರೆ ಅವತ್ತೇ ಹೊರಗೆ. ಅದನ್ನೂ ಬರೀರಿ ಅತ್ತೆ. ದೊಡ್ಡ ಅಕ್ಷರದಲ್ಲಿ." ಬರೆದಿದ್ದೇನೆ, ಇದಕ್ಕಿಂತ ದೊಡ್ಡ ಅಕ್ಷರ ನನಗೆ ಬಾರದು. ಇಷ್ಟು ಹೇಳಿ ಅವಳು ಒಣಗಿಸುವ ಕೋಣೆಗೆ ಹೋಗಿ, ಕಪಾಟಿನ ಪಕ್ಕ ನಿಂತಿದ್ದ ಗಬ್ರಿಯೇಲರನ್ನೆಲ್ಲ ಒಂದು ಮೂಲೆಗೆ ಸರಿಸಿ, ಹಾಸಿಗೆ ಹಾಸುವಷ್ಟು ಜಾಗ ಮಾಡಿದಳು. ಧೂಳು ಇದೆ. ಎಷ್ಟು ಗುಡಿಸಿದರೂ ಇರುತ್ತದೆ.

ಇದೇ ಇರುವುದು. ಇದಕ್ಕಿಂತ ಹೆಚ್ಚಿನದು ನನ್ನ ಹತ್ತಿರ ಇದ್ದಿದ್ದರೆ ಬರೆಯುತ್ತಿದ್ದೆ. ಒಂದೇ ಮನೆಯಲ್ಲಿ ಅವನು ತಟ್ಟೆ ನೋಡಿಕೊಂಡು ಉಣ್ಣುತ್ತಾನೆ, ನೀನು ಇನ್ನೊಂದು ತಟ್ಟೆ ನೋಡಿಕೊಂಡು ಉಣ್ಣುತ್ತೀಯ. ಎಷ್ಟು ದಿನ ಹಾಗೆ ನಡೆಯುತ್ತದೋ ನನಗೆ ತಿಳಿಯದು. ನಾನು ನಡುವೆ ಕೂತು ಬಡಿಸುತ್ತೇನೆ.

ನಿನ್ನನ್ನು ಕರೆತರಲು ಯಾರೂ ಬರುವುದಿಲ್ಲ. ನನಗೆ ಅಷ್ಟು ದೂರ ಬಸ್ಸಿನಲ್ಲಿ ಕೂರಲಾಗದು. ನೀನು ಬರುವ ಬಸ್ಸು ಮಧ್ಯಾಹ್ನದ ಊಟದ ನಂತರ ಇಲ್ಲಿ ನಿಲ್ಲುತ್ತದೆ. ಆ ಹೊತ್ತಿಗೆ ಅತ್ತಿಗೆ ಅಂಗಡಿಯಲ್ಲಿರುತ್ತಾಳೆ, ನಾನು ಹಿಂದಿನ ಅಂಗಳದಲ್ಲಿ ಅಚ್ಚು ತೊಳೆಯುತ್ತಿರುತ್ತೇನೆ, ನೀರಿನ ಸದ್ದಿಗೆ ನನಗೆ ಏನೂ ಕೇಳಿಸುವುದಿಲ್ಲ. ಮುಂಬಾಗಿಲ ಪಕ್ಕದ ಮಂಚದಲ್ಲಿ ಅಣ್ಣ ಒಬ್ಬನೇ ಮಲಗಿರುತ್ತಾನೆ. ಬಾಗಿಲಿಗೆ ಅಗುಳಿ ಹಾಕಿರುವುದಿಲ್ಲ. ನೀನು ತಟ್ಟಿದರೆ ಅವನು ಕೋಲು ಹಿಡಿದು ಏಳಬೇಕಾಗುತ್ತದೆ.

ತಟ್ಟಬೇಡ. ತಳ್ಳಿಕೊಂಡು ಒಳಗೆ ಬಾ.

ದೊಡ್ಡಮ್ಮ